ಸಂಘವನ್ನು ಒಬ್ಬರ ಬಗಲಚೀಲದಿಂದ ಹೊರಗೆ ತೆಗೆಯುವುದು ಹೇಗೆ

ಕಲಘಟಗಿ ಕಡೆಯ ಒಂದು ಹಳ್ಳಿಗೆ ಸಭೆಗೆ ಹೋಗಿದ್ದೆ. ಆಫ್ರಿಕಾ ಮೂಲದ ಸಿದ್ದಿ ಜನರ ಸಣ್ಣ ಸಂಘ. ಗುಡಿ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಇಪ್ಪತ್ತು ಜನ ಕೂತಿದ್ದರು. ಚಹಾ ಬಂತು, ಚುರಮುರಿ ಬಂತು, ಕಾರ್ಯದರ್ಶಿ ಮಾತ್ರ ಬರಲಿಲ್ಲ. ಅವರಿಗೆ ಆರಾಮ ಇರಲಿಲ್ಲ, ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಮಲಗಿದ್ದರು. ನಾನು ನೋಂದಣಿ ಪತ್ರ ಕೇಳಿದೆ.

"ಅದು ಅಣ್ಣಾರ ಚೀಲದಾಗ ಐತ್ರಿ."

ಹೋದ ವರ್ಷದ ಆಡಿಟ್?

"ಅದೂ ಚೀಲದಾಗ ಐತ್ರಿ ಸರ."

ಪಾಸ್‌ಬುಕ್ಕು, ಸಿಕ್ಕಾ, ಠರಾವು ಪುಸ್ತಕ, ಕಚೇರಿಗೆ ಕೊಟ್ಟ ಅರ್ಜಿಗಳ ಝೆರಾಕ್ಸು, ಎಲ್ಲವೂ ಚೀಲದಾಗ. ಚೀಲ ದವಾಖಾನೆಯ ಮಂಚದ ಕೆಳಗೆ. ಒಂದು ಯೋಜನೆಗೆ ಅರ್ಜಿ ಹಾಕಲು ಸೋಮವಾರ ಕೊನೆಯ ದಿನ. ಆ ಸೋಮವಾರ ಹಾಗೇ ಹೋಯಿತು.

ಆ ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ವರ್ಷ ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಇಳಿದು ಸಂಘ ನಡೆಸಿದವರು ಅವರು. ಆದರೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಲ್ಲಿ ನಾನು ನೋಡಿದ ಸಣ್ಣ ಸಂಘಗಳ ಕಥೆ ಹೆಚ್ಚುಕಡಿಮೆ ಇದೇ. ಜಾತಿ, ಬಣ್ಣ, ಹುಟ್ಟಿದ ಊರು ನೋಡಿ ಮಾಡುವ ತಾರತಮ್ಯದ ವಿರುದ್ಧ ನಿಂತ ಜನರಿಗೆ ಹುಮ್ಮಸ್ಸಿಗೇನೂ ಕೊರತೆ ಇಲ್ಲ. ಸಂಘ ಪೂರ್ತಿ ಒಬ್ಬರ ಚೀಲದಲ್ಲಿ, ಒಬ್ಬರ ಫೋನಿನಲ್ಲಿ, ಒಬ್ಬರ ತಲೆಯಲ್ಲಿ ಇರುತ್ತದೆ, ತೊಂದರೆ ಅಲ್ಲೇ. ಅದನ್ನು ಅಲ್ಲಿಂದ ಹೊರಗೆ ತೆಗೆಯುವುದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಇಲ್ಲಿ ಬರೆಯುತ್ತೇನೆ.

ಯಾವ ಸಂಘಗಳ ಮಾತು ಇದು

ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಂತ ಸಾಲಾಗಿ ಬರುತ್ತದೆ. ಈ "ಮೂಲವಂಶ" (ಜನಾಂಗ) ಅನ್ನುವ ಪದ ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ, ಆದರೆ ಆ ಪದ ಹೇಳುವ ತಾರತಮ್ಯ ಮಾತ್ರ ಬೇಕಾದಷ್ಟಿದೆ. ಬಸ್ಸಿನಲ್ಲಿ ಸಿದ್ದಿ ಹುಡುಗನನ್ನು ನೋಡಿ "ಯಾವ ದೇಶದವನಪ್ಪಾ ನೀನು" ಅಂತ ಕೇಳುತ್ತಾರೆ. ಅವನು ಅಚ್ಚ ಕನ್ನಡದಲ್ಲಿ "ಹಳಿಯಾಳದಾಂವ್ರಿ" ಅಂದರೆ ಇಡೀ ಬಸ್ಸು ನಗುತ್ತದೆ. ಧಾರವಾಡಕ್ಕೆ ಓದಲು ಬಂದ ಈಶಾನ್ಯದ ಹುಡುಗಿಗೆ ರೂಮು ಕೊಡುವ ಮೊದಲು "ನೀವು ಏನೇನು ತಿಂತೀರಿ" ಅನ್ನುವ ವಿಚಾರಣೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿನವರು ಇದ್ದಾರೆ, ಈಗ ಅಲ್ಲಿ ಮೂರನೇ ತಲೆಮಾರು ಬೆಳೆಯುತ್ತಿದೆ, ಆದರೂ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಲು ಕೂತರೆ ಅವರಿಗೆ ಏನೇನೋ ಹೆಸರು. ಇನ್ನು ದಲಿತ ಕೇರಿಯ ಕಥೆ ನಾನು ಹೊಸದಾಗಿ ಹೇಳಬೇಕಾ?

ಜಾತಿ ಬೇರೆ, ಜನಾಂಗ ಬೇರೆ ಅಂತ ವಾದ ಮಾಡುವವರು ಇದ್ದಾರೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬಾನ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಈ ಜಗಳ ಜೋರಾಗೇ ಆಯಿತು. ಮರುವರ್ಷ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿರ್ಮೂಲನಾ ಸಮಿತಿ, ಹುಟ್ಟಿನಿಂದ ಬರುವ ಜಾತಿ ತಾರತಮ್ಯವೂ ಇದರೊಳಗೇ ಬರುತ್ತದೆ ಅಂತ ಹೇಳಿತು. ನಮ್ಮ ಸರ್ಕಾರ ಅದನ್ನು ಒಪ್ಪಿಲ್ಲ. ನನಗಂತೂ ಸಂಘ ಕಟ್ಟುವ ಕೆಲಸದಲ್ಲಿ ಈ ಎರಡರ ನಡುವೆ ಗೆರೆ ಎಳೆಯುವ ಅಗತ್ಯ ಬಿದ್ದಿಲ್ಲ. ಠರಾವು ಪುಸ್ತಕ ಇಬ್ಬರಿಗೂ ಒಂದೇ.

ಮೊದಲು ಕಾಗದ

ಬೇಜಾರಿನ ಕೆಲಸ ಇದು, ಗೊತ್ತು. ಆದರೂ ಮೊದಲು ಇದನ್ನೇ ಮುಗಿಸಿ.

ನಮ್ಮಲ್ಲಿ ಜಾಸ್ತಿ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಆಗುತ್ತವೆ. ಕನಿಷ್ಠ ಏಳು ಜನ ಬೇಕು. ಈ ಏಳು ಜನರನ್ನು ಆರಿಸುವಾಗಲೇ ಮೊದಲ ತಪ್ಪು ಆಗುತ್ತದೆ. ಗಂಡ, ಹೆಂಡತಿ, ತಮ್ಮ, ಅಳಿಯ ಸೇರಿಸಿ ಏಳು ಮಾಡಿಬಿಡುತ್ತಾರೆ. ಮುಂದೆ ಯಾವನೋ ಅಧಿಕಾರಿ ಕಡತ ತೆಗೆದು ನೋಡಿದಾಗ ಎಲ್ಲರದೂ ಒಂದೇ ಅಡ್ಡಹೆಸರು ಕಂಡರೆ ಅಲ್ಲಿಗೆ ಮುಗಿಯಿತು. ಬೇರೆ ಬೇರೆ ಓಣಿಯವರು, ಬೇರೆ ಬೇರೆ ಮನೆಯವರು ಇರಲಿ, ಕನಿಷ್ಠ ಮೂವರು ಹೆಣ್ಣುಮಕ್ಕಳು ಇರಲಿ.

ನೋಂದಣಿ ಆದ ಮೇಲೆ ಎಲ್ಲರೂ ಮರೆಯುವ ಒಂದು ಕೆಲಸ ಇದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಮಾಡಬೇಕು. ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಎಲ್ಲಾ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಡಬೇಕು. ಐದಾರು ವರ್ಷ ಕೊಡದೇ ಬಿಟ್ಟು, ಆಮೇಲೆ ಒಂದು ಅನುದಾನದ ಅರ್ಜಿಗೆ ಬೇಕು ಅಂತ ಗೊತ್ತಾದಾಗ ಓಡಾಡಿ, ದಂಡ ಕಟ್ಟಿ, ಹಳೆಯ ಸಭೆಗಳ ನೆನಪು ಮಾಡಿಕೊಳ್ಳುತ್ತಾ ಒಂದೇ ಪೆನ್ನಿನಲ್ಲಿ ಐದು ವರ್ಷದ ಠರಾವು ಬರೆದವರನ್ನು ನಾನು ನೋಡಿದ್ದೇನೆ. ಓದುವವರಿಗೆ ತಿಳಿಯುವುದಿಲ್ಲವಾ? ಮಸಿ ಒಂದೇ, ಕೈಬರಹ ಒಂದೇ, ಸಹಿಗಳೂ ಒಂದೇ ಓರೆಗೆ ವಾಲಿರುತ್ತವೆ.

ಠರಾವು ಪುಸ್ತಕದ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಸಂಘದ ಜೀವ ಅದರಲ್ಲಿದೆ. ಪುಟಕ್ಕೆ ನಂಬರ್ ಹಾಕಿದ ಗಟ್ಟಿ ರಟ್ಟಿನ ಪುಸ್ತಕ ತನ್ನಿ. ಸಭೆ ನಡೆಯುವಾಗಲೇ ಬರೆಯಿರಿ, ಮನೆಗೆ ಹೋಗಿ ಬರೆಯುತ್ತೇನೆ ಅನ್ನಬೇಡಿ. "ಎಲ್ಲರೂ ಚರ್ಚಿಸಿ ತೀರ್ಮಾನಿಸಿದರು" ಅಂತ ಬರೆದರೆ ಅದಕ್ಕೆ ಅರ್ಥ ಇಲ್ಲ. ಏನು ತೀರ್ಮಾನ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಎಷ್ಟು ರೂಪಾಯಿ, ಇಷ್ಟು ಬರೆಯಿರಿ. ಒಪ್ಪದವರು ಇದ್ದರೆ ಅವರ ಹೆಸರನ್ನೂ ಬರೆಯಿರಿ. ಕೊನೆಗೆ ಪುಸ್ತಕವನ್ನು ಜೋರಾಗಿ ಓದಿ ಸಹಿ ಮಾಡಿಸಿ. ಓದು ಬರದ ಹಿರಿಯರು ಹೆಬ್ಬೆಟ್ಟು ಒತ್ತುವ ಮೊದಲು ತಾವು ಏನಕ್ಕೆ ಒತ್ತುತ್ತಿದ್ದೇವೆ ಅಂತ ಕಿವಿಯಿಂದ ಕೇಳಿರಬೇಕು. ಬೇರೆಯವರ ಕಾಗದಕ್ಕೆ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಜನರ ಸಂಘದಲ್ಲೇ ಮತ್ತೆ ಅದೇ ನಡೆದರೆ ಹೇಗೆ?

ಆ ಮೇಲೆ ಚೀಲ ಖಾಲಿ ಮಾಡಿ. ಎಲ್ಲಾ ಕಾಗದದ ಮೂರು ಪ್ರತಿ ತೆಗೆಸಿ. ಮೂಲ ಪ್ರತಿ ಒಂದು ಟ್ರಂಕಿನಲ್ಲಿ, ಟ್ರಂಕಿಗೆ ಎರಡು ಕೀಲಿ, ಎರಡು ಬೇರೆ ಮನೆಯಲ್ಲಿ. ಎರಡನೇ ಪ್ರತಿ ಅಧ್ಯಕ್ಷರ ಬಳಿ, ಮೂರನೆಯದು ಫೋಟೋ ತೆಗೆದು ಸಂಘದ ಹೆಸರಿನ ಇಮೇಲಿನಲ್ಲಿ. ಆ ಇಮೇಲಿನ ಪಾಸ್‌ವರ್ಡ್ ಮೂವರಿಗೆ ಗೊತ್ತಿರಲಿ. ಒಂದು ಸಂಘದಲ್ಲಿ ಪಾಸ್‌ವರ್ಡ್ ಗೊತ್ತಿದ್ದ ಒಬ್ಬನೇ ಹುಡುಗ ಪುಣೆಗೆ ಕೆಲಸಕ್ಕೆ ಹೋದ, ಹೊಸ ಸಿಮ್ ಹಾಕಿದ, ಸಂಘದ ಇಮೇಲ್ ಅಲ್ಲಿಗೆ ಸತ್ತಿತು. ನಗಬೇಡಿ, ನಿಮ್ಮ ಸಂಘದ್ದು ಯಾರ ಫೋನಿನಲ್ಲಿದೆ ನೋಡಿಕೊಳ್ಳಿ.

ದುಡ್ಡು

ಹೊರಗಿನ ದುಡ್ಡಿನ ಕನಸು ಕಾಣುವ ಮೊದಲು ಒಳಗಿನ ದುಡ್ಡು ಸರಿ ಮಾಡಿಕೊಳ್ಳಿ. ಪಟ್ಟಿ ಎತ್ತುವುದು ನಮ್ಮ ಜನರಿಗೆ ಹೊಸದೇನಲ್ಲ. ಜಾತ್ರೆಗೆ, ಡೊಳ್ಳಿಗೆ, ಗಣಪತಿಗೆ ಎತ್ತುತ್ತೇವೆ. ಸಂಘಕ್ಕೂ ಹಾಗೇ ತಿಂಗಳಿಗೆ ಮನೆಗೆ ಇಪ್ಪತ್ತು ರೂಪಾಯಿ ವಂತಿಗೆ ಇಡಿ. ಐವತ್ತು ಮನೆ ಅಂದರೆ ಸಾವಿರ ರೂಪಾಯಿ. ಒಂದು ಕೇಸಿಗೆ ಧಾರವಾಡಕ್ಕೆ ನಾಲ್ಕು ಜನ ಹೋಗಿ ಬರಲು, ಝೆರಾಕ್ಸಿಗೆ, ಊಟಕ್ಕೆ ಸಾಕು. ಇಪ್ಪತ್ತು ರೂಪಾಯಿ ಕೊಟ್ಟ ಮನೆಯವರು ಲೆಕ್ಕ ಕೇಳಲು ಬರುತ್ತಾರೆ, ಅದೇ ದೊಡ್ಡ ಲಾಭ.

ಪಾವತಿ ಪುಸ್ತಕ ಅಚ್ಚು ಹಾಕಿಸಿ, ಹತ್ತು ರೂಪಾಯಿಗೂ ಪಾವತಿ ಹರಿದು ಕೊಡಿ. ಸಂಘದ ಹೆಸರಿನಲ್ಲೇ ಪ್ಯಾನ್ ಮಾಡಿಸಿ, ಸಂಘದ ಹೆಸರಿನಲ್ಲೇ ಖಾತೆ ತೆಗೆಯಿರಿ, ಮೂವರ ಸಹಿ ಕೊಟ್ಟು ಯಾರಾದರೂ ಇಬ್ಬರದು ಇದ್ದರೆ ದುಡ್ಡು ತೆಗೆಯುವ ಹಾಗೆ ಮಾಡಿ. ಇಬ್ಬರದೇ ಸಹಿ ಇದ್ದು ಅದರಲ್ಲಿ ಒಬ್ಬರು ತೀರಿಕೊಂಡರು ಅಂದರೆ ಖಾತೆ ನಿಲ್ಲುತ್ತದೆ. ಮರಣ ಪತ್ರ, ಹೊಸ ಠರಾವು, ಹೊಸ ಫೋಟೋ ಅಂತ ಬ್ಯಾಂಕಿಗೆ ನಾವು ಒಮ್ಮೆ ಏಳು ಸಲ ಹೋಗಿ ಬಂದಿದ್ದೇವೆ. ಫೋನ್‌ಪೇ ಸ್ಕ್ಯಾನರ್ ಬಗ್ಗೆಯೂ ಹೇಳಿಬಿಡುತ್ತೇನೆ: ಕಾರ್ಯಕ್ರಮದ ಪೆಂಡಾಲಿನಲ್ಲಿ ಖಜಾಂಚಿಯ ಸ್ವಂತ ಸ್ಕ್ಯಾನರ್ ಇಟ್ಟು ದೇಣಿಗೆ ತೆಗೆದುಕೊಳ್ಳುವುದು ಇವತ್ತೇ ನಿಲ್ಲಿಸಿ. ಆ ಮನುಷ್ಯ ಎಷ್ಟೇ ಪ್ರಾಮಾಣಿಕ ಇರಲಿ, ನಾಳೆ ಯಾರಾದರೂ ಒಂದು ಮಾತು ಆಡಿದರೆ ಅವನ ಬಳಿ ತೋರಿಸಲು ಏನೂ ಇರುವುದಿಲ್ಲ. ತರಕಾರಿ ತಂದದ್ದು, ಮಗಳ ಫೀ ಕಟ್ಟಿದ್ದು, ಸಂಘದ ದೇಣಿಗೆ ಎಲ್ಲಾ ಒಂದೇ ಖಾತೆಯಲ್ಲಿ ಕಲೆತುಹೋಗಿರುತ್ತದೆ.

ಹೊರಗಿನ ದುಡ್ಡಿಗೆ ಹೊರಡುವವರಿಗೆ ಮೆಟ್ಟಿಲುಗಳು ಹೀಗಿವೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹಾಕಿಸಿ ನಂಬರ್ ಪಡೆಯಿರಿ. ಆಮೇಲೆ ಎಲ್ಲರೂ 12ಎ, 80ಜಿ ಅಂತ ಕರೆಯುವ ತೆರಿಗೆ ವಿನಾಯಿತಿ, ಮೊದಲನೆಯದು ಸಂಘದ ಆದಾಯಕ್ಕೆ, ಎರಡನೆಯದು ದಾನಿಗೆ. ಹೊಸ ಸಂಘಕ್ಕೆ ಮೊದಲು ಮೂರು ವರ್ಷಕ್ಕೆ ತಾತ್ಕಾಲಿಕವಾಗಿ ಸಿಗುತ್ತದೆ, ಅದು ಮುಗಿಯುವ ಆರು ತಿಂಗಳ ಮೊದಲು ಅಥವಾ ಕೆಲಸ ಶುರುವಾದ ಆರು ತಿಂಗಳೊಳಗೆ, ಯಾವುದು ಮೊದಲು ಬರುತ್ತದೋ ಅಷ್ಟರಲ್ಲಿ ಮತ್ತೆ ಅರ್ಜಿ ಹಾಕಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಿಂದ ಗುರುತು ಮಾಡಿ. ದಾನಿಗೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಮಾರ್ಚ್ ಕೊನೆಗೆ ನಿಮ್ಮನ್ನೇ ಬೈಯುತ್ತಾರೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡಿಗೆ ಬೇರೆ ನೋಂದಣಿ ಇದೆ, ಮೂರು ವರ್ಷ ಕೆಲಸ ಮಾಡಿದ ದಾಖಲೆಯನ್ನೂ ಕೇಳುತ್ತಾರೆ.

ವಿದೇಶಿ ದೇಣಿಗೆ? ಸಣ್ಣ ಸಂಘಕ್ಕೆ ನಾನು ಬೇಡ ಅಂತಲೇ ಹೇಳುತ್ತೇನೆ. ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿ ತೋರಿಸಬೇಕು, ಖಾತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಇರಬೇಕು, 2020ರ ತಿದ್ದುಪಡಿ ಆದ ಮೇಲೆ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡನ್ನು ಸಣ್ಣವರಿಗೆ ಹಂಚುವ ಹಾಗೂ ಇಲ್ಲ. ಆ ಹಾದಿ ಹಿಡಿದು ಕೆಲಸವನ್ನೇ ಮರೆತವರು ಇದ್ದಾರೆ.

ದುಡ್ಡಿಗೆ ಒಬ್ಬರನ್ನೇ ನಂಬಿ ಕೂರಬೇಡಿ ಅನ್ನುವುದಕ್ಕೆ ದೂರದ ಒಂದು ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ 1976ರ ಕಾಯ್ದೆಯಿಂದ ಜನಾಂಗ ಸಮಾನತೆಗೆ ಅಂತಲೇ ಒಂದು ಆಯೋಗ ಇತ್ತು, ಊರೂರಿನ ಸಮಾನತೆ ಸಮಿತಿಗಳಿಗೆ ಅದು ಅನುದಾನ ಕೊಡುತ್ತಿತ್ತು. 2007ರಲ್ಲಿ ಆ ಆಯೋಗವನ್ನೇ ಬೇರೆ ದೊಡ್ಡ ಆಯೋಗದಲ್ಲಿ ಕರಗಿಸಿದರು. ಕೊಡುವ ಕೈ ಯಾವತ್ತು ಬದಲಾಗುತ್ತದೆ ಅಂತ ತೆಗೆದುಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ಖುರ್ಚಿಯಲ್ಲಿ ಯಾರು, ಚಾಪೆಯ ಮೇಲೆ ಯಾರು

ಕಾಗದ ಸರಿ ಮಾಡಬಹುದು, ದುಡ್ಡೂ ಸರಿ ಮಾಡಬಹುದು. ಇದು ಕಷ್ಟ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಸುಮ್ನೆ ಒಂದು ಕೆಲಸ ಮಾಡಿ. ಒಂದು ಹಾಳೆಯ ಮೇಲೆ ಯಾರು ಎಷ್ಟು ಸಲ ಮಾತಾಡಿದರು ಅಂತ ಗೆರೆ ಎಳೆಯುತ್ತಾ ಹೋಗಿ. ಗದಗ ಕಡೆಯ ಒಂದು ಸಭೆಯಲ್ಲಿ ನಾನು ಹೀಗೆ ಮಾಡಿದೆ. ಮೂವತ್ತೊಂದು ಜನ ಇದ್ದರು, ಹದಿನಾಲ್ಕು ಮಂದಿ ಹೆಣ್ಣುಮಕ್ಕಳು. ಎರಡು ತಾಸಿನಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ನಲವತ್ತು ಗೆರೆ, ಉಳಿದ ಗಂಡಸರದು ಎಲ್ಲಾ ಸೇರಿ ಇಪ್ಪತ್ತರ ಹತ್ತಿರ, ಹೆಣ್ಣುಮಕ್ಕಳದು ಎರಡು. ಆ ಎರಡರಲ್ಲಿ ಒಂದು "ಚಹಾ ಆರತೈತ್ರಿ" ಅನ್ನುವುದು. ಹಾಳೆಯನ್ನು ಅಧ್ಯಕ್ಷರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ನಂತರ "ನಾ ಇಷ್ಟ್ ಮಾತಾಡ್ತೀನೇನ್ರೀ?" ಅಂದರು. ಮುಂದಿನ ಸಭೆಯಲ್ಲಿ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಮೊದಲ ಅರ್ಧ ತಾಸು ಅಕ್ಕಂದಿರಷ್ಟೇ ಮಾತಾಡಬೇಕು, ಗಂಡಸರು ಬಾಯಿ ತೆರೆದರೆ ಐದು ರೂಪಾಯಿ ದಂಡ ಅಂತ ಹೇಳಿದರು. ಆವತ್ತು ಎಪ್ಪತ್ತು ರೂಪಾಯಿ ದಂಡ ಕೂಡಿತು. ಆದರೆ ಅದೇ ಅರ್ಧ ತಾಸಿನಲ್ಲಿ, ಆ ಊರಿನ ಅಂಗನವಾಡಿಯಲ್ಲಿ ತಮ್ಮ ಕೇರಿಯ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸುತ್ತಾರೆ ಅನ್ನುವ ಸಂಗತಿ ಮೊದಲ ಸಲ ಹೊರಗೆ ಬಂತು. ಮೂರು ವರ್ಷದಿಂದ ನಡೆಯುತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂದರೆ, ಯಾರು ಕೇಳಿದ್ದರು ಅಂದರು.

ಹೆಣ್ಣುಮಕ್ಕಳು ಸಭೆಗೆ ಬರಬೇಕು ಅಂದರೆ ಸಮಯವೂ ಅವರದೇ ಆಗಬೇಕು. ಸಂಜೆ ಏಳಕ್ಕೆ ಸಭೆ ಇಟ್ಟರೆ ಅದು ರೊಟ್ಟಿ ಬಡಿಯುವ ಹೊತ್ತು. ಮಧ್ಯಾಹ್ನ ಮೂರಕ್ಕೆ ಇಡಿ, ಅಮಾವಾಸ್ಯೆಯ ದಿನ ಇಟ್ಟರೆ ಇನ್ನೂ ಒಳ್ಳೆಯದು, ಹೊಲದ ಕೆಲಸ ಇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ಸಿನ ಖರ್ಚೂ ಇಲ್ಲ. ಜಿಲ್ಲಾಧಿಕಾರಿ ಕಚೇರಿಗೆ ನಿಯೋಗ ಹೋಗುವಾಗ ಮೊದಲು ಮೂರು ಗಂಡಸರು ಹೋಗುತ್ತಿದ್ದರು, ಈಗ ಹತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಕಚೇರಿಯಲ್ಲಿ ಮರ್ಯಾದೆಯೂ ಬೇರೆ ಸಿಗುತ್ತದೆ.

ನುಂಗಲು ಕಷ್ಟವಾದ ಮಾತು ಇನ್ನೊಂದಿದೆ. ಸಮಾನತೆಗೆ ದುಡಿಯುವ ಸಂಘದ ಒಳಗೂ ಮೇಲುಕೀಳು ಇರುತ್ತದೆ. ಒಂದು ದಲಿತ ಜಾತಿಯವರ ಮನೆಯಲ್ಲಿ ಇನ್ನೊಂದು ದಲಿತ ಜಾತಿಯವರು ನೀರು ಕುಡಿಯುವುದಿಲ್ಲ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇದ್ದಾರೆ, ಚುನಾವಣೆ ಬಂದಾಗ ಹೊರಗಿನವರು ಅದೇ ಗೆರೆಯ ಮೇಲೆ ಒಡೆಯಲು ನೋಡುತ್ತಾರೆ. ಇದನ್ನು ಮುಚ್ಚಿಡಬೇಡಿ. ಕಾರ್ಯಕ್ರಮದ ಅಡಿಗೆ ಯಾರು ಮಾಡುತ್ತಾರೆ, ಬಡಿಸುವವರು ಯಾರು, ಎಲೆ ಎತ್ತುವವರು ಯಾರು, ಈ ಮೂರನ್ನು ಪ್ರತಿ ಸಲ ತಿರುಗಿಸಿ. ಭಾಷಣಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ, ಜಗಳವೂ ಬೇಗ ಆಗುತ್ತದೆ. ಆಗಲಿ.

ಘಟನೆ ನಡೆದ ದಿನ

ಸಂಘ ಎಷ್ಟು ಗಟ್ಟಿ ಅಂತ ತಿಳಿಯುವುದು ಇಲ್ಲೇ. ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟರು, ಗುಡಿಗೆ ಬಿಡಲಿಲ್ಲ, ಸಂತೆಯಲ್ಲಿ ಜಾತಿ ಹಿಡಿದು ಬೈದರು ಅಂತ ಯಾರೋ ಓಡಿ ಬರುತ್ತಾರೆ. ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲರೂ ಸಿಟ್ಟಿನಿಂದ ಠಾಣೆಗೆ ಹೋಗುತ್ತಾರೆ, ಅಲ್ಲಿ ಹತ್ತು ಜನ ಹತ್ತು ರೀತಿ ಹೇಳುತ್ತಾರೆ, ದೂರು ಬರೆಯುವವರು ತಮಗೆ ತಿಳಿದ ಹಾಗೆ ಬರೆಯುತ್ತಾರೆ, ಎರಡು ವರ್ಷದ ನಂತರ ಕೋರ್ಟಿನಲ್ಲಿ ಕೇಸು ಬಿದ್ದುಹೋಗುತ್ತದೆ.

ಅದಕ್ಕೇ ಒಂದು ಘಟನೆ ಪುಸ್ತಕ ಇಡಿ, ಠರಾವು ಪುಸ್ತಕಕ್ಕಿಂತ ಬೇರೆ. ಬರೆಯಲು ಇಬ್ಬರಿಗೆ ಕಲಿಸಿ, ಒಬ್ಬರು ಹೆಣ್ಣುಮಗಳಾಗಿರಲಿ. ತಾರೀಖು, ಹೊತ್ತು, ಜಾಗ ಬರೆಯಿರಿ. ಆಡಿದ ಮಾತು ಎಷ್ಟೇ ಹೊಲಸಾಗಿದ್ದರೂ ಆಡಿದ ಹಾಗೆಯೇ ಬರೆಯಿರಿ, "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ಬರೆದರೆ ಕೋರ್ಟಿಗೆ ಏನೂ ತಿಳಿಯುವುದಿಲ್ಲ. ಆಗ ಅಕ್ಕಪಕ್ಕ ಯಾರಿದ್ದರು ಅನ್ನುವುದು ಬಹಳ ಮುಖ್ಯ. 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ನಿಂದನೆ ಅಪರಾಧ ಆಗಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಇದರಲ್ಲಿ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ "ಚಹಾದಂಗಡಿ ಮುಂದೆ, ಬಸ್ಸಿಗೆ ಕಾಯುತ್ತಿದ್ದ ಆರು ಜನರ ಎದುರು" ಅನ್ನುವ ಸಾಲು ಇಡೀ ದೂರಿಗಿಂತ ತೂಕದ್ದು.

1989ರ ಕಾಯ್ದೆ, 1995ರ ನಿಯಮ, 2015 ಮತ್ತು 2018ರ ತಿದ್ದುಪಡಿ, ಇಷ್ಟರಲ್ಲಿ ಸಂಘದವರು ಬಾಯಿಪಾಠ ಮಾಡಬೇಕಾದದ್ದು ಸ್ವಲ್ಪವೇ. ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, 18ಎ ಕಲಂ ಅದನ್ನೇ ಹೇಳುತ್ತದೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ, ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ಆದ್ದರಿಂದ ಅವಳಿ ನಗರದಲ್ಲಿ ಅದು ಎಸಿಪಿ. ಆರೋಪಪಟ್ಟಿಗೆ 60 ದಿನ. ನೊಂದವರು ಸ್ವಯಂಸೇವಾ ಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವುದು ಅವರ ಹಕ್ಕು ಅಂತ 15ಎ ಕಲಮಿನಲ್ಲೇ ಬರೆದಿದ್ದಾರೆ. ಠಾಣೆಯಲ್ಲಿ "ನೀವ್ಯಾರ್ರೀ ನಡುವೆ?" ಅಂತ ಕೇಳಿದರೆ ಈ ಕಲಮಿನ ಝೆರಾಕ್ಸ್ ಟೇಬಲ್ ಮೇಲೆ ಇಡಿ, ದನಿ ಎತ್ತಬೇಕಾಗಿಲ್ಲ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14566 ಅನ್ನುವ ಸಹಾಯವಾಣಿ ಇದೆ. ವಕೀಲರ ಫೀಗೆ ಹೆದರಬೇಡಿ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ.

ಹೆಚ್ಚಿನ ಸಂಘಗಳು ಕೈ ಹಾಕದ ಒಂದು ಬಾಗಿಲು ಇದೆ. ಇದೇ ಕಾಯ್ದೆಯ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಐದು ಜನದವರೆಗೆ ಸರ್ಕಾರಿಯಲ್ಲದ ಸದಸ್ಯರು ಇರಬಹುದು, ಸ್ವಯಂಸೇವಾ ಸಂಸ್ಥೆಗಳ ಜೊತೆ ಒಡನಾಟ ಇರುವ ಬೇರೆಯವರು ಮೂವರವರೆಗೆ. ನಿಮ್ಮ ಜಿಲ್ಲೆಯಲ್ಲಿ ಈ ಜಾಗಗಳಲ್ಲಿ ಯಾರಿದ್ದಾರೆ, ಕಳೆದ ಎರಡು ವರ್ಷದಲ್ಲಿ ಎಷ್ಟು ಸಭೆ ಆಯಿತು, ನಡಾವಳಿ ಎಲ್ಲಿದೆ? ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಮೊದಲ ಅರ್ಜಿ ವಾಪಸು ಬಂದದ್ದೇ ಈ ಕಾರಣಕ್ಕೆ, ಬರೆದವರು ಅಂಬೇಡ್ಕರ್ ಅವರ ಹೋರಾಟದಿಂದ ಶುರು ಮಾಡಿ ಮೂರು ಪುಟ ತುಂಬಿಸಿದ್ದರು.

ಸಿದ್ದಿ ಸಂಘಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆದರೆ ಪಟ್ಟಿಯಲ್ಲಿ ಜಿಲ್ಲೆಯ ಹೆಸರಿತ್ತು. ಯಲ್ಲಾಪುರದ ಮಗಳು ಪಟ್ಟಿಯಲ್ಲಿ, ಕಲಘಟಗಿಯ ಅವಳ ಗಂಡ ಪಟ್ಟಿಯಿಂದ ಹೊರಗೆ. ಜಿಲ್ಲೆಯ ಗಡಿ ಕಾಡಿನಲ್ಲಿ ಎಲ್ಲಿ ಹಾದುಹೋಗುತ್ತದೆ ಅಂತ ಅವರಿಗೆ ಗೊತ್ತೂ ಇರಲಿಲ್ಲ. 2020ರ ತಿದ್ದುಪಡಿ ಧಾರವಾಡ, ಬೆಳಗಾವಿ ಜಿಲ್ಲೆಗಳನ್ನೂ ಸೇರಿಸಿತು. ಇದರಿಂದ ಅರಣ್ಯ ಹಕ್ಕಿನ ಅರ್ಜಿಗೂ ದೊಡ್ಡ ವ್ಯತ್ಯಾಸ ಆಗುತ್ತದೆ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದರೆ ಸಾಕು, ಬೇರೆಯವರು 75 ವರ್ಷದ ವಾಸ ತೋರಿಸಬೇಕು. ನಿಮ್ಮ ಸಂಘದ ಪ್ರತಿ ಮನೆಯಲ್ಲಿ ಜಾತಿ ಪ್ರಮಾಣಪತ್ರ ಇದೆಯಾ, ಯಾರ ಹಳೆಯ ಅರ್ಜಿ ಹಳೆಯ ಕಾರಣಕ್ಕೇ ತಿರಸ್ಕಾರ ಆಗಿ ಬಿದ್ದಿದೆ ಅಂತ ಒಂದು ಪಟ್ಟಿ ಮಾಡಿ. ಆ ಪಟ್ಟಿ ಒಬ್ಬರ ತಲೆಯಲ್ಲಿ ಇರಬಾರದು.

ಒಬ್ಬರಿಗೊಬ್ಬರು

ಸಣ್ಣ ಸಂಘ ಒಂಟಿಯಾಗಿ ಎಲ್ಲವನ್ನೂ ಕಲಿಯಲು ಹೋದರೆ ಆಗುವುದಿಲ್ಲ. ಲೆಕ್ಕ ಚೆನ್ನಾಗಿ ಇಡುವ ಸಂಘ ಒಂದಿರುತ್ತದೆ, ಕೇಸು ನಡೆಸಿ ಅನುಭವ ಇರುವುದು ಇನ್ನೊಂದು. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಸೇರಿ, ಮೂರೂ ಜಿಲ್ಲೆಯ ಬಸ್ಸು ರೈಲು ಅಲ್ಲಿಗೆ ಬರುತ್ತವೆ. ಹೊಸ ಒಕ್ಕೂಟ, ಹೊಸ ಲೆಟರ್‌ಹೆಡ್, ಹೊಸ ಅಧ್ಯಕ್ಷರು ಅಂತ ಹೊರಡಬೇಡಿ. ಠರಾವು ಪುಸ್ತಕ ಅದಲುಬದಲು ಮಾಡಿ ಓದಿ, ಅಷ್ಟೇ. ಇನ್ನೊಬ್ಬರ ಪುಸ್ತಕ ನೋಡಿದಾಗ ನಮ್ಮ ತಪ್ಪು ತಾನಾಗಿ ಕಾಣುತ್ತದೆ.

ಕೈಗೆ ಸಿಗುವ ನೆರವು ಇಲ್ಲೇ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇವೆ. ಸಮಾಜಕಾರ್ಯ ಓದುವ ಮಕ್ಕಳಿಗೆ ಕ್ಷೇತ್ರಕಾರ್ಯ ಕಡ್ಡಾಯ, ನಿಮ್ಮ ಸಂಘದ ಹೆಸರು ಕೊಟ್ಟು ಇಬ್ಬರನ್ನು ಕಳಿಸಿ ಅಂತ ವಿಭಾಗಕ್ಕೆ ಪತ್ರ ಬರೆಯಿರಿ. ಬಂದ ಮಕ್ಕಳಿಗೆ ಬ್ಯಾನರ್ ಕಟ್ಟಿಸಬೇಡಿ. ಹಳೆಯ ಕಾಗದ ಜೋಡಿಸುವುದು, ಕಂಪ್ಯೂಟರಿಗೆ ಹಾಕುವುದು, ಮನೆ ಮನೆ ಪಟ್ಟಿ ಮಾಡುವುದು ಕೊಡಿ. ಅವರು ಈಶಾನ್ಯದವರೋ ಟಿಬೆಟಿನವರೋ ಆಗಿದ್ದರೆ ಅವರ ಅನುಭವವನ್ನೂ ಸಭೆಯಲ್ಲಿ ಕೇಳಿ. ನಮ್ಮ ಕೇರಿಯವರಿಗೆ ಮನೆ ಬಾಡಿಗೆ ಸಿಗದ ಕಥೆ, ಅವರಿಗೆ ಸಿಗದ ಕಥೆ ಎಷ್ಟು ಹೋಲುತ್ತವೆ ಅಂತ ಗೊತ್ತಾದಾಗ ಇಬ್ಬರಿಗೂ ಆಶ್ಚರ್ಯ ಆಗುತ್ತದೆ.

ಸಂಘ ಎಷ್ಟು ವರ್ಷ ಬಾಳಬಹುದು ಅಂತ ಅನುಮಾನ ಬಂದರೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದೆ ಹಾದುಹೋಗಿ. 1890ರಲ್ಲಿ ರಾ.ಹ. ದೇಶಪಾಂಡೆಯವರು ಶುರು ಮಾಡಿದ್ದು. ಶುರು ಮಾಡಿದವರು ಯಾರೂ ಇವತ್ತಿಲ್ಲ, ಸಂಘದ ಬಾಗಿಲು ಮಾತ್ರ ದಿನಾ ತೆರೆಯುತ್ತದೆ. ಅದರ ಕೆಲಸ ಕನ್ನಡದ್ದು, ನಮ್ಮದು ಬೇರೆ, ಆದರೆ ಬಾಗಿಲಿನ ಕೀಲಿ ಒಬ್ಬರ ಕೈಯಲ್ಲೇ ಉಳಿದಿದ್ದರೆ ಅಷ್ಟು ವರ್ಷ ತೆರೆಯುತ್ತಿತ್ತಾ?

ಒಂದು ಪರೀಕ್ಷೆ

ಇಷ್ಟೆಲ್ಲಾ ಮಾಡಿದ ಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಇಡಿ. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಒಂದು ತಿಂಗಳು ಸಂಘದ ಕಡೆ ತಲೆ ಹಾಕಬಾರದು, ಫೋನೂ ಎತ್ತಬಾರದು. ಉಳಿದವರು ಆ ತಿಂಗಳ ಸಭೆ ಮಾಡಬೇಕು, ವಂತಿಗೆ ಎತ್ತಬೇಕು, ಒಂದು ಅರ್ಜಿ ಕಚೇರಿಗೆ ಕೊಟ್ಟು ಇನ್‌ವರ್ಡ್ ನಂಬರ್ ತರಬೇಕು. ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಬರೆದಿಡಿ. ಮುಂದಿನ ವರ್ಷದ ತರಬೇತಿ ಅದೇ.

ಕಲಘಟಗಿ ಕಡೆಯ ಆ ಅಣ್ಣ ಆರಾಮಾಗಿ ಮನೆಗೆ ಬಂದ ಮೇಲೆ ನಾವು ಇದನ್ನೇ ಮಾಡಿದೆವು. ಅವರಿಗೆ ಒಂದು ತಿಂಗಳು ಸಭೆಗೆ ಬರಬೇಡಿ ಅಂದಾಗ ಮುಖ ಸಣ್ಣದಾಯಿತು. ಸಭೆಯ ದಿನ ಗುಡಿಯ ಹಿಂದಿನ ಹಲಸಿನ ಮರದ ಕೆಳಗೆ ಬಂದು ನಿಂತಿದ್ದರಂತೆ, ಯಾರಿಗೂ ಕಾಣದ ಹಾಗೆ. ಠರಾವು ಬರೆದದ್ದು ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ. ಅವಳು ಕೊನೆಗೆ ಜೋರಾಗಿ ಓದುವಾಗ ಒಂದು ತಾರೀಖು ತಪ್ಪು ಹೇಳಿದಳು. ಮರದ ಹಿಂದಿನಿಂದ ದನಿ ಬಂತು: "ಹದಿನೇಳಲ್ಲವ್ವಾ, ಹತ್ತೊಂಬತ್ತು!"

ಐದು ರೂಪಾಯಿ ದಂಡ ಹಾಕಿದರು. ಪಾವತಿಯನ್ನೂ ಹರಿದು ಕೊಟ್ಟರು.